ಮೈಸೂರಿನ ಹಳೇ ಮನೆ ಮಾರಾಟವಾಗುತ್ತಿಲ್ಲ: ರಿಪೇರಿ ಮಾಡಿಸಬೇಕಾ, ಬೆಲೆ ಇಳಿಸಬೇಕಾ?

ಕುವೆಂಪುನಗರದ ಮಗಳು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ ಕಟ್ಟಿಸಿದ ಮನೆ ಇದೆ. 30x40 ಸೈಟು, ಮುಡಾದಿಂದ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಅಪ್ಪನ ಹೆಸರಿಗೆ ಬಂದದ್ದು. ದಕ್ಷಿಣಕ್ಕೆ ಬಾಗಿಲು. ಕೆಳಗೆ ಎರಡು ರೂಮು, ಹಾಲು, ಅಡುಗೆಮನೆ, ಮೇಲೆ ಒಂದು ರೂಮು, ಉಳಿದದ್ದು ತಾರಸಿ. 1992ರಲ್ಲಿ ಗೃಹಪ್ರವೇಶ ಆಗಿತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆ ಬೆಂಗಳೂರಿಗೆ ಬಂದರು. ಮನೆಗೆ ಬೀಗ ಹಾಕಿದ್ದೇವೆ.

ಹೋದ ದೀಪಾವಳಿಯಿಂದ ಮಾರಾಟಕ್ಕಿಟ್ಟಿದ್ದೇವೆ. ಬ್ರೋಕರ್‌ಗಳಿಗೆ ಹೇಳಿದ್ದೇವೆ, ಆನ್‌ಲೈನ್‌ನಲ್ಲೂ ಹಾಕಿದ್ದೇವೆ. ಜನ ಬರುತ್ತಾರೆ, ನೋಡುತ್ತಾರೆ, "ಮನೆಯಲ್ಲಿ ಮಾತಾಡಿ ಫೋನ್ ಮಾಡುತ್ತೇವೆ" ಅಂತ ಹೋಗುತ್ತಾರೆ. ಆಮೇಲೆ ಸುದ್ದಿಯೇ ಇಲ್ಲ. ಏನು ಇಷ್ಟವಾಗಲಿಲ್ಲ ಅಂತಲೂ ಹೇಳುವುದಿಲ್ಲ.

ಅಣ್ಣನ ಪ್ರಕಾರ ಟೈಲ್ಸ್ ಹಾಕಿಸಿ, ಮಾಡ್ಯುಲರ್ ಕಿಚನ್ ಮಾಡಿಸಿದರೆ ತಕ್ಷಣ ಹೋಗುತ್ತದೆ. ತಂಗಿ ಮೆಲ್ಬರ್ನ್‌ನಲ್ಲಿದ್ದಾಳೆ, ಅವಳು ಬೆಲೆ ಇಳಿಸಿ ಮುಗಿಸಿಬಿಡಿ ಅನ್ನುತ್ತಾಳೆ. ಬೆಲೆ ಇಲ್ಲಿ ಬರೆಯುವುದು ಬೇಡ ಅಂತ ಅಣ್ಣ ಹೇಳಿದ್ದಾನೆ. ನಮ್ಮ ರಸ್ತೆಯ ಹೊಸ ಮನೆಗಳಿಗಿಂತ ಸ್ವಲ್ಪ ಕಡಿಮೆ ಕೇಳುತ್ತಿದ್ದೇವೆ ಅಂತಷ್ಟೇ ಹೇಳಬಲ್ಲೆ. ಅಮ್ಮನ ಆರೋಗ್ಯಕ್ಕೆ, ಮುಂದಿನ ಖರ್ಚಿಗೆ ಈ ಹಣ ಬೇಕು. ದಯವಿಟ್ಟು ತಿಳಿದವರು ಹೇಳಿ.

ಹಾಸನದವನು

ಮೇಡಂ, ಮೊದಲು ಸುಣ್ಣ ಬಣ್ಣ ಮಾಡಿಸಿ. ಬೀಗ ಹಾಕಿದ ಮನೆ ಬೇಗ ಕಳೆಗುಂದುತ್ತದೆ. ವಾರಕ್ಕೊಮ್ಮೆ ಯಾರಾದರೂ ಹೋಗಿ ಕಿಟಕಿ ತೆಗೆದು, ಅಂಗಳ ಗುಡಿಸಿ, ದೀಪ ಹಚ್ಚಿ ಬರಲಿ. ಮಿಕ್ಕಿದ್ದು ಆಮೇಲೆ.

ವಕೀಲೆ ಮೈಸೂರು

ರಿಪೇರಿ, ಬೆಲೆ ಎರಡಕ್ಕೂ ಮುಂಚೆ ಒಂದು ಪ್ರಶ್ನೆ. ಖಾತೆ ಈಗ ಯಾರ ಹೆಸರಲ್ಲಿದೆ? ಇ-ಖಾತಾ, ಅಂದರೆ ಪಾಲಿಕೆಯ ಖಾತೆಯ ಡಿಜಿಟಲ್ ದಾಖಲೆ, ಆಗಿದೆಯಾ?

ಕೇಳಲು ಕಾರಣ ಇದೆ. ಮನೆ ಇಷ್ಟವಾಗದೆ ಹೋದವರು ಸಾಮಾನ್ಯವಾಗಿ ಒಳಗೇ ಏನಾದರೂ ಹೇಳುತ್ತಾರೆ. ರೂಮು ಚಿಕ್ಕದು, ಬೆಳಕಿಲ್ಲ, ಕಾರು ನಿಲ್ಲಿಸಲು ಜಾಗ ಇಲ್ಲ ಅಂತ. ಏನೂ ಹೇಳದೆ ಹೋದವರು ಬಹಳಷ್ಟು ಸಲ ಕಾಗದಪತ್ರಕ್ಕೆ ಹೆದರಿರುತ್ತಾರೆ. ಬೀಗ ಹಾಕಿದ ಮನೆ, ಯಜಮಾನರು ತೀರಿಕೊಂಡಿದ್ದಾರೆ, ಮಕ್ಕಳು ಮೂರು ಊರಲ್ಲಿದ್ದಾರೆ. ಇಷ್ಟು ಕೇಳಿದ ತಕ್ಷಣ ಕೊಳ್ಳುವವರ ಮನಸ್ಸಿಗೆ ಬರುವುದು ಕೋರ್ಟು ಕೇಸು. ಮೈಸೂರಲ್ಲಂತೂ 2024ರ ಮುಡಾ ಸೈಟು ಹಂಚಿಕೆ ವಿವಾದದ ನಂತರ ಜನ ದಾಖಲೆಗಳನ್ನು ಎರಡೆರಡು ಸಲ ನೋಡುತ್ತಿದ್ದಾರೆ. ನಿಮ್ಮ ಮನೆಗೂ ಅದಕ್ಕೂ ಸಂಬಂಧ ಇಲ್ಲದಿರಬಹುದು. ಆದರೆ ಅದನ್ನು ತೋರಿಸಬೇಕಾದವರು ನೀವೇ.

ಇ-ಖಾತಾ ಇಲ್ಲದೆ ಈಗ ರಿಜಿಸ್ಟ್ರೇಷನ್ನೇ ಆಗುವುದಿಲ್ಲ. 2024ರಿಂದ ಹೀಗೇ ನಡೆಯುತ್ತಿದೆ. ಯಾರಾದರೂ ಒಪ್ಪಿ ಅಡ್ವಾನ್ಸ್ ಕೊಟ್ಟರೂ ನೀವು ಆ ದಿನ ಮಾರಲಾರಿರಿ.

ನಿಮ್ಮ ಹತ್ತಿರ ಏನೇನಿದೆ ಅಂತ ಬರೆಯಿರಿ.

ಕುವೆಂಪುನಗರದ ಮಗಳು

ಉತ್ತರಕ್ಕೆ ಧನ್ಯವಾದ ಮೇಡಂ. ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಕಂದಾಯ ಪ್ರತಿ ವರ್ಷ ಏಪ್ರಿಲ್‌ನಲ್ಲೇ ಕಟ್ಟಿದ್ದೇವೆ, ರಸೀದಿಗಳೆಲ್ಲ ಇವೆ. ಅಪ್ಪನ ಟ್ರಂಕಿನಲ್ಲಿ ಮುಡಾದ ಹಂಚಿಕೆ ಪತ್ರ, ಗುತ್ತಿಗೆ ಕರಾರು, ಆಮೇಲೆ ಮಾಡಿಕೊಟ್ಟ ಕ್ರಯಪತ್ರ ಮೂರೂ ಇವೆ. ಪ್ಲಾನ್ ಕಾಪಿಯ ಮೇಲೆ ಪಾಲಿಕೆಯ ಸೀಲ್ ಇದೆ. ಅಪ್ಪ ವಿಲ್ ಬರೆದಿಲ್ಲ. ಇಸಿಯನ್ನು (ಆಸ್ತಿಯ ಮೇಲಿನ ಸಾಲ, ವಹಿವಾಟು ತೋರಿಸುವ ಪತ್ರ) ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟ್‌ನಲ್ಲಿ ತೆಗೆದೆವು, ಯಾವ ಸಾಲವೂ ಇಲ್ಲ ಅಂತ ಬಂದಿದೆ. ಮನೆ ಕಟ್ಟುವಾಗ ಒಂದು ಹೌಸಿಂಗ್ ಸೊಸೈಟಿಯಿಂದ ಸಾಲ ಮಾಡಿದ್ದರು, ಅದು ಯಾವತ್ತೋ ತೀರಿದೆ.

ವಕೀಲೆ ಮೈಸೂರು

ಕ್ರಯಪತ್ರ ಇರುವುದು ದೊಡ್ಡ ಸಮಾಧಾನ. ಎಷ್ಟೋ ಹಿರಿಯರು ಗುತ್ತಿಗೆ ಅವಧಿ ಮುಗಿದ ಮೇಲೂ ಪ್ರಾಧಿಕಾರದಿಂದ ಕ್ರಯಪತ್ರ ಮಾಡಿಸಿಕೊಂಡಿರುವುದಿಲ್ಲ. ಮಕ್ಕಳಿಗೆ ಅದು ಮಾರುವ ಹೊತ್ತಿಗೆ ಗೊತ್ತಾಗುತ್ತದೆ. ನಿಮ್ಮ ಅಪ್ಪ ಎಲ್ಲ ಅಚ್ಚುಕಟ್ಟಾಗಿ ಮಾಡಿಟ್ಟಿದ್ದಾರೆ.

ಈಗ ಬಾಕಿ ಇರುವುದು ಇಷ್ಟು.

ಮೊದಲನೆಯದು ಪೌತಿ ಖಾತೆ. ಮರಣ ಪ್ರಮಾಣಪತ್ರ ತೆಗೆದುಕೊಳ್ಳಿ. ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ. ಎರಡನ್ನೂ ಕ್ರಯಪತ್ರದ ಜೊತೆ ಪಾಲಿಕೆಗೆ ಕೊಟ್ಟು ಖಾತೆಯನ್ನು ಎಲ್ಲ ವಾರಸುದಾರರ ಹೆಸರಿಗೆ ಮಾಡಿಸಿ, ಅದೇ ಸಲ ಇ-ಖಾತಾ ತೆಗೆಸಿ. ವಿಲ್ ಇಲ್ಲ, ಮನೆ ಅಪ್ಪನ ಸ್ವಯಾರ್ಜಿತ ಅಂದರೆ ಅಮ್ಮ, ಅಣ್ಣ, ನೀವು, ತಂಗಿ, ನಾಲ್ವರಿಗೂ ಸಮಪಾಲು. ಅಜ್ಜಿ, ಅಂದರೆ ಅಪ್ಪನ ತಾಯಿ, ಆಗ ಬದುಕಿದ್ದರೆ ಅವರಿಗೂ ಒಂದು ಪಾಲು ಬರುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ.

ಎರಡನೆಯದು ಇಸಿ. ಕಾವೇರಿಯಲ್ಲಿ ಸುಲಭವಾಗಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ನಿಮ್ಮ ಅಪ್ಪ ಸಾಲ ಮಾಡಿದ್ದು 1990ರ ಹೊತ್ತಿಗೆ. ಅದು ಈ ಇಸಿಯಲ್ಲಿ ಕಾಣುವುದೇ ಇಲ್ಲ! ಕೊಳ್ಳುವವರ ವಕೀಲರು, ಬ್ಯಾಂಕಿನವರು ಕೇಳುವುದು 30 ವರ್ಷದ ಇಸಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಳೇ ಅವಧಿಯದನ್ನು, ಸಾಲ ಮಾಡಿದ ಕಾಲವೂ ಸೇರುವ ಹಾಗೆ, ಬೇರೆಯಾಗಿ ಅರ್ಜಿ ಕೊಟ್ಟು ತೆಗೆಸಿ. ಸೊಸೈಟಿಗೆ ಅಡಮಾನ ಪತ್ರ ನೋಂದಣಿ ಮಾಡಿಕೊಟ್ಟಿದ್ದರೆ, ಸಾಲ ತೀರಿದ ಮೇಲೆ ಅದನ್ನು ಬಿಡುಗಡೆ ಮಾಡಿದ ಪತ್ರವೂ ನೋಂದಣಿಯಾಗಿರಬೇಕು. ಆಗಿಲ್ಲದಿದ್ದರೆ ತೀರಿದ ಸಾಲವೂ ಇಸಿಯಲ್ಲಿ ಹಾಗೇ ಕೂತಿರುತ್ತದೆ. ಸೊಸೈಟಿ ಇನ್ನೂ ಇದ್ದರೆ ಈಗಲೇ ಹೋಗಿ ಬಿಡುಗಡೆ ಪತ್ರ ಮಾಡಿಸಿ. ಅಡ್ವಾನ್ಸ್ ತೆಗೆದುಕೊಂಡ ಮೇಲೆ ಓಡಾಡಿದರೆ ಕೊಳ್ಳುವವರ ನಂಬಿಕೆ ಹೋಗುತ್ತದೆ.

ಇದೆಲ್ಲ ಆದ ಮೇಲೆ ಒಂದು ಫೈಲ್ ಮಾಡಿ. ಎಲ್ಲದರ ಜೆರಾಕ್ಸ್, ಮೇಲೆ ಒಂದು ಪುಟದ ಪಟ್ಟಿ. ಮನೆ ನೋಡಲು ಬಂದು ಆಸಕ್ತಿ ತೋರಿಸಿದವರಿಗೆ ಅಲ್ಲೇ ಕೈಗೆ ಕೊಡಿ, "ನಿಮ್ಮ ವಕೀಲರಿಗೆ ತೋರಿಸಿ" ಅನ್ನಿ. ಆ ಒಂದು ಮಾತಿಗೆ ಹೊಸ ಟೈಲ್ಸ್‌ಗಿಂತ ಜಾಸ್ತಿ ಬೆಲೆ ಇದೆ.

ಮನೆ ಹುಡುಕುತ್ತಿದ್ದೇವೆ

ವಕೀಲೆ ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ನಾವು ಕೊಳ್ಳುವ ಕಡೆಯವರು. ಸರಸ್ವತಿಪುರಂ, ಕುವೆಂಪುನಗರ, ರಾಮಕೃಷ್ಣನಗರ ಎಲ್ಲಾ ಸುತ್ತಿದ್ದೇವೆ. ನಮ್ಮ ಅನುಭವ ಹೇಳಿದರೆ ನಿಮಗೆ ಉಪಯೋಗ ಆಗಬಹುದು.

ಒಂದು ಮನೆ ನಮಗೆ ತುಂಬಾ ಹಿಡಿಸಿತ್ತು. ರೆಡ್ ಆಕ್ಸೈಡ್ ನೆಲ, ಹೊನ್ನೆ ಮರದ ಬಾಗಿಲು, ಹಿಂದೆ ಕರಿಬೇವು, ನಿಂಬೆ. ದಾಖಲೆ ಕೇಳಿದರೆ "ಮೊದಲು ರೇಟು ಮಾತಾಡೋಣ, ಪೇಪರ್ಸ್ ಎಲ್ಲಾ ಕ್ಲಿಯರ್ ಇದೆ" ಅಂದರು. ಮತ್ತೆ ಕೇಳಿದೆವು. "ಅಡ್ವಾನ್ಸ್ ಕೊಟ್ಟ ಮೇಲೆ ತೋರಿಸುತ್ತೇವೆ" ಅಂದರು. ನಾವು ಅಲ್ಲಿಗೇ ಬಿಟ್ಟೆವು. ಇಬ್ಬರ ಸಂಬಳದ ಉಳಿತಾಯ ಅದು, ನಂಬಿಕೆಯ ಮೇಲೆ ಕೊಡಲು ಆಗುವುದಿಲ್ಲ ಅಲ್ವಾ?

ಇನ್ನೊಂದು ವಿಷಯ. ಒಂದೇ ಮನೆಯನ್ನು ಮೂವರು ಬ್ರೋಕರ್‌ಗಳು ಮೂರು ಬೆಲೆಗೆ ಹೇಳುತ್ತಾರೆ. ಆನ್‌ಲೈನ್‌ನಲ್ಲಿ ಅದೇ ಮನೆಯ ಫೋಟೋ ಬೇರೆ ಬೇರೆ ರೇಟಿನಲ್ಲಿ ಇರುತ್ತದೆ. ನೋಡಿದವರಿಗೆ ಅನ್ನಿಸುವುದು ಒಂದೇ: ಇವರಿಗೇ ಬೆಲೆ ಗೊತ್ತಿಲ್ಲ, ಕಾದರೆ ಇನ್ನೂ ಇಳಿಯುತ್ತದೆ. ನಿಮ್ಮ ಮನೆ ನಾಲ್ಕಾರು ಕಡೆ ಹಾಗೆ ಬಿದ್ದಿದ್ದರೆ ಮೊದಲು ತೆಗೆಸಿ.

ಫೋಟೋ ಬಗ್ಗೆಯೂ ಹೇಳುತ್ತೇನೆ. ಕತ್ತಲಲ್ಲಿ ತೆಗೆದ, ಮಂಚದ ಮೇಲೆ ಹಳೇ ಹಾಸಿಗೆ ಸುತ್ತಿಟ್ಟ ಫೋಟೋಗಳನ್ನು ನೋಡಿದರೆ ಹೋಗಿ ನೋಡಬೇಕು ಅಂತಲೇ ಅನಿಸುವುದಿಲ್ಲ. ಬೆಳಗಿನ ಹೊತ್ತು, ಕಿಟಕಿ ಎಲ್ಲಾ ತೆಗೆದು, ಖಾಲಿ ರೂಮಿನ ಮೂಲೆಯಲ್ಲಿ ನಿಂತು ಅಡ್ಡಡ್ಡ ತೆಗೆಯಿರಿ. ರಸ್ತೆ ಎಷ್ಟು ಅಗಲ ಅಂತ ಕಾಣುವ ಹಾಗೆ ಒಂದು ಫೋಟೋ ಇರಲಿ. ಕಾರು ನಿಲ್ಲುವ ಜಾಗದ್ದು ಒಂದು. ಸೈಟಿನ ಅಳತೆ, ಕಟ್ಟಿದ ವರ್ಷ, ದಿಕ್ಕು, ನೀರು ಎಲ್ಲಿಂದ, ಖಾತೆ ಯಾವುದು, ಇಷ್ಟನ್ನು ಮುಚ್ಚುಮರೆ ಇಲ್ಲದೆ ಬರೆಯಿರಿ. ದಕ್ಷಿಣ ದಿಕ್ಕು ಅಂತ ಮೊದಲೇ ಹಾಕಿ. ಬೇಡದವರು ಬರುವುದೇ ಇಲ್ಲ, ನಿಮ್ಮ ಸಮಯ ಉಳಿಯುತ್ತದೆ.

ಗಾರೆ ಕೆಲಸ

ಅಕ್ಕ, ನಾನು ಮೇಸ್ತ್ರಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಳೇ ಮನೆ ರಿಪೇರಿಯಲ್ಲೇ ಇದ್ದೇನೆ. ಅಣ್ಣನಿಗೆ ಹೇಳಿ, ಮಾಡ್ಯುಲರ್ ಕಿಚನ್ ಬೇಡವೇ ಬೇಡ. ಹಳೇ ಮನೆ ತೆಗೆದುಕೊಳ್ಳುವವರು ಅಡುಗೆಮನೆಯನ್ನು ತಮಗೆ ಬೇಕಾದ ಹಾಗೆ ಒಡೆದು ಮಾಡಿಸಿಕೊಳ್ಳುತ್ತಾರೆ. ನೀವು ಹಾಕಿದ ದುಡ್ಡಿನಲ್ಲಿ ಅರ್ಧವೂ ವಾಪಸ್ ಬರುವುದಿಲ್ಲ.

ಮಾಡಿಸಬೇಕಾದ್ದು ಬೇರೆ ಇದೆ.

ತಾರಸಿಗೆ ಹತ್ತಿ ನೋಡಿ. ನೀರು ಹೋಗುವ ಪೈಪಿನ ಬಾಯಲ್ಲಿ ಎಲೆ, ಮಣ್ಣು ಕಟ್ಟಿಕೊಂಡಿರುತ್ತದೆ. ಮಳೆ ನೀರು ಅಲ್ಲೇ ನಿಂತು ಸೀಲಿಂಗ್‌ಗೆ ಇಳಿಯುತ್ತದೆ. ಪ್ಯಾರಾಪೆಟ್ ಬಿರುಕಿನಲ್ಲಿ ಅರಳಿ ಗಿಡ ಬಂದಿದೆಯಾ ನೋಡಿ. ಬೀಗ ಹಾಕಿದ ಮನೆಯಲ್ಲಿ ಬಂದೇ ಬರುತ್ತದೆ. ಮೇಲೆ ಕಿತ್ತರೆ ಸಾಲದು, ಬೇರಿನ ಸಮೇತ ತೆಗೆದು ಬಿರುಕು ಮುಚ್ಚಬೇಕು. ಸೀಲಿಂಗ್‌ನಲ್ಲಿ ತೇವದ ಕಲೆ ಇದ್ದರೆ ಮೊದಲು ಮೇಲೆ ವಾಟರ್‌ಪ್ರೂಫಿಂಗ್, ಪೂರ್ತಿ ಒಣಗಿದ ಮೇಲೆ ಕೆಳಗೆ ಬಣ್ಣ. ಕಲೆಯ ಮೇಲೇ ಬಣ್ಣ ಬಳಿದು ಮುಚ್ಚಬೇಡಿ. ಒಂದು ಮಳೆಗೆ ಮತ್ತೆ ಕಾಣುತ್ತದೆ. ಕೊಳ್ಳುವವರು ಕರೆದುಕೊಂಡು ಬರುವ ಮೇಸ್ತ್ರಿಗೆ ಅದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ನೀವು ಹೇಳಿದ್ದು ಯಾವುದನ್ನೂ ನಂಬುವುದಿಲ್ಲ.

ವಾಸನೆ. ಬೀಗ ಹಾಕಿದ ಮನೆಯ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿಯುವ ವಾಸನೆ ಇದೆಯಲ್ಲ, ಅದರಲ್ಲಿ ಹೆಚ್ಚಿನದು ಬಚ್ಚಲಿಂದ ಬರುವುದು. ಬಚ್ಚಲ ನೀರು ಹೊರಹೋಗುವ ಜಾಗದ ನಹಾನಿ ಟ್ರ್ಯಾಪ್‌ನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಆ ನೀರೇ ಚರಂಡಿ ಗಾಳಿಯನ್ನು ತಡೆಯುವುದು. ಮನೆ ಬಳಸದಿದ್ದರೆ ನೀರು ಆರಿಹೋಗುತ್ತದೆ, ಗಾಳಿ ನೇರ ಒಳಗೆ ಬರುತ್ತದೆ. ಜನ ಬರುವ ಹಿಂದಿನ ದಿನ ಪ್ರತಿ ಟ್ರ್ಯಾಪ್‌ಗೂ ಒಂದು ಬಕೆಟ್ ನೀರು ಹಾಕಿಸಿ, ಕಮೋಡ್ ಫ್ಲಶ್ ಮಾಡಿಸಿ. ಖರ್ಚಿಲ್ಲದ ಕೆಲಸ.

ಸಂಪು ಬಳಿಸಿ ತೊಳೆಸಿ. ಮೋಟಾರು ಓಡಬೇಕು, ಎಲ್ಲ ನಲ್ಲಿಯಲ್ಲೂ ನೀರು ಬರಬೇಕು. ಬಂದವರು ನಲ್ಲಿ ತಿರುಗಿಸಿಯೇ ನೋಡುತ್ತಾರೆ. ಬಲ್ಬು ಎಲ್ಲಾ ಉರಿಯಲಿ. ಗೇಟು ಕಿರ್ ಅನ್ನದ ಹಾಗೆ ಎಣ್ಣೆ ಬಿಡಿ. ಒಳಗೆ ತೆಳು ಬಣ್ಣ, ಬಿಳಿ ಅಥವಾ ಕೆನೆ ಬಣ್ಣ ಸಾಕು. ರೆಡ್ ಆಕ್ಸೈಡ್ ನೆಲ ಇದ್ದರೆ ಅದರ ಮೇಲೆ ಟೈಲ್ಸ್ ಹಾಕಿಸಬೇಡಿ, ಚೆನ್ನಾಗಿ ತೊಳೆಸಿ ವ್ಯಾಕ್ಸ್ ಪಾಲಿಶ್ ಮಾಡಿಸಿ. ಈಗ ಅದನ್ನೇ ಹುಡುಕಿಕೊಂಡು ಬರುವವರಿದ್ದಾರೆ.

ಮನೆ ಹುಡುಕುತ್ತಿದ್ದೇವೆ

ಹೌದು ಅಣ್ಣ, ನಾವೇ ಇದ್ದೇವೆ!

ನಿವೃತ್ತ ಬ್ಯಾಂಕು

ಸಾಲದ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ಬೆಲೆಯ ಮಾತು ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. ಮಾರುವವರು ತಮಗೆ ಎಷ್ಟು ಬರಬೇಕು ಅಂತ ಲೆಕ್ಕ ಹಾಕುತ್ತಾರೆ. ಕೊಳ್ಳುವವರ ಕೈಯಿಂದ ಎಷ್ಟು ಹೋಗುತ್ತದೆ ಅಂತ ಹಾಕುವುದಿಲ್ಲ. ಒಂದು ಸಲ ಹಾಕಿ ನೋಡೋಣ.

ಲೆಕ್ಕಕ್ಕೆ ಬೆಲೆ 1 ಕೋಟಿ ಅಂದುಕೊಳ್ಳಿ. ಸ್ಟ್ಯಾಂಪ್ ಡ್ಯೂಟಿ ಶೇ. 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಒಟ್ಟು ಶೇ. 7.6, ಅಂದರೆ 7.6 ಲಕ್ಷ. ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ, ಕೈಯಿಂದಲೇ ಹಾಕಬೇಕು.

ಇನ್ನು ಸಾಲ. ಬ್ಯಾಂಕು ನೀವು ಕೇಳಿದ ಬೆಲೆ ನೋಡಿ ಸಾಲ ಕೊಡುವುದಿಲ್ಲ. ತನ್ನ ಕಡೆಯ ಬೆಲೆ ಕಟ್ಟುವವರನ್ನು, ಅಂದರೆ ವ್ಯಾಲ್ಯುಯರ್‌ನ ಕಳಿಸುತ್ತದೆ. ಅವರು ಸೈಟಿಗೆ ಇಷ್ಟು, 30 ವರ್ಷ ದಾಟಿದ ಕಟ್ಟಡಕ್ಕೆ ಸವಕಳಿ ಕಳೆದು ಇಷ್ಟು ಅಂತ ಬರೆಯುತ್ತಾರೆ. 85 ಲಕ್ಷ ಅಂತ ಬರೆದರು ಅನ್ನಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಮೌಲ್ಯದ ಶೇ. 80 ಮಿತಿ. 85 ಲಕ್ಷಕ್ಕೆ 68 ಲಕ್ಷ ಸಾಲ. ನಿಮ್ಮ ಬೆಲೆಗೆ 32 ಲಕ್ಷ ಕಡಿಮೆ. ಜೊತೆಗೆ ನೋಂದಣಿ ಖರ್ಚು 7.6 ಲಕ್ಷ. ಅಂದರೆ ಸುಮಾರು 40 ಲಕ್ಷ ನಗದು ಉಳಿತಾಯ ಇರುವ ಮನೆಯವರು ಮಾತ್ರ ನಿಮ್ಮ ಮನೆ ಕೊಳ್ಳಬಲ್ಲರು. ಅದರ ಮೇಲೆ ರಿಪೇರಿ ಬೇರೆ. ಮಧ್ಯಮ ವರ್ಗದಲ್ಲಿ ಅಂಥವರು ಎಷ್ಟು ಮಂದಿ ಇದ್ದಾರೆ? "ಮನೆಯಲ್ಲಿ ಮಾತಾಡಿ ಹೇಳುತ್ತೇವೆ" ಅಂದವರಲ್ಲಿ ಎಷ್ಟೋ ಜನ ರಾತ್ರಿ ಕೂತು ಇದೇ ಲೆಕ್ಕ ಹಾಕಿ ಸುಮ್ಮನಾಗಿರುತ್ತಾರೆ.

ಹೊಸ ಮನೆಯ ಬೆಲೆಗೆ ಹೋಲಿಸುವುದು ಬಿಡಿ. ಹೊಸ ಮನೆಗೆ ವ್ಯಾಲ್ಯುಯರ್ ಕಟ್ಟಡದ ಪೂರ್ತಿ ಬೆಲೆ ಬರೆಯುತ್ತಾರೆ, ನಿಮ್ಮದಕ್ಕೆ ಬರೆಯುವುದಿಲ್ಲ. ಹೊಸದಕ್ಕಿಂತ ಸ್ವಲ್ಪ ಕಡಿಮೆ ಅಂದರೆ ಕೊಳ್ಳುವವರ ಪಾಲಿಗೆ ಹೊಸದಕ್ಕಿಂತ ಜಾಸ್ತಿ ನಗದು.

ನನ್ನ ಸಲಹೆ: ಮಾನ್ಯತೆ ಇರುವ ವ್ಯಾಲ್ಯುಯರ್ ಒಬ್ಬರಿಗೆ ನೀವೇ ಫೀಸು ಕೊಟ್ಟು ರಿಪೋರ್ಟ್ ತೆಗೆಸಿ. ಆ ಅಂಕಿಯ ಸುತ್ತಮುತ್ತ ಬೆಲೆ ಇಡಿ. ಇಳಿಸುವುದಾದರೆ ಒಂದೇ ಸಲ, ಕಣ್ಣಿಗೆ ಕಾಣುವಷ್ಟು ಇಳಿಸಿ. ತಿಂಗಳಿಗೊಂದು ಲಕ್ಷ ಅಂತ ಇಳಿಸುತ್ತಾ ಹೋದರೆ ಎಲ್ಲರೂ ಮುಂದಿನ ತಿಂಗಳು ಕಾಯುತ್ತಾರೆ.

ಮೇಲಿನ ರೂಮು ಪ್ಲಾನ್‌ನಲ್ಲಿ ಇದೆಯಾ ಅಂತಲೂ ನೋಡಿ. ಆಮೇಲೆ ಕಟ್ಟಿಸಿದ್ದಾದರೆ ಬ್ಯಾಂಕಿನವರು ಅದನ್ನು ಬೆಲೆಗೆ ಸೇರಿಸದೆ ಹೋಗಬಹುದು.

ಚಾಮುಂಡಿ ತಪ್ಪಲು

ಬೆಲೆ ಇಳಿಸುವುದಕ್ಕೆ ನನ್ನ ವಿರೋಧ ಇದೆ. 2023ರಲ್ಲಿ ಬೆಂಗಳೂರು ಹೆದ್ದಾರಿ ಆದ ಮೇಲೆ ಮೈಸೂರಿನ ಚಿತ್ರವೇ ಬದಲಾಗಿದೆ. ಕುವೆಂಪುನಗರದಂಥ ಹಳೇ ಬಡಾವಣೆಯಲ್ಲಿ ಹೊಸ ಸೈಟು ಎಲ್ಲಿ ಹುಟ್ಟುತ್ತದೆ? ಇನ್ನೆರಡು ವರ್ಷ ತಡೆಯಿರಿ.

ನಿವೃತ್ತ ಬ್ಯಾಂಕು

ಸರ್, ಸೈಟಿನ ಬೆಲೆ ಏರಬಹುದು, ಒಪ್ಪುತ್ತೇನೆ. ಆದರೆ ಇವರಿಗೆ ಹಣ ಬೇಕಿರುವುದು ಅಮ್ಮನಿಗೆ, ಈಗ. ಎರಡು ವರ್ಷ ಕಂದಾಯ, ಕರೆಂಟಿನ ಕನಿಷ್ಠ ಶುಲ್ಕ, ಕಾವಲು, ಸೋರುವ ತಾರಸಿ ಇವೆಲ್ಲ ಇದ್ದೇ ಇರುತ್ತವೆ. ಹಣ ಕೈಗೆ ಬಂದಿದ್ದರೆ ಠೇವಣಿಯಲ್ಲಿ ಬಡ್ಡಿ ಬರುತ್ತಿತ್ತು. ಅದನ್ನೂ ಕಳೆದು ನೋಡಿ. ಎಂಬತ್ತು ದಾಟಿದ ತಾಯಂದಿರು ಮನೆ ಮಾರಾಟಕ್ಕೆ ಕಾಯುತ್ತಾ, ಆಸ್ಪತ್ರೆ ಖರ್ಚಿಗೆ ಮಕ್ಕಳು ಸಾಲ ಮಾಡಿದ್ದನ್ನು ಕೌಂಟರ್‌ನ ಈಚೆ ಕೂತು ನೋಡಿದ್ದೇನೆ. ಆ ಸಂಕಟ ಬೇಡ.

ಚಾಮುಂಡಿ ತಪ್ಪಲು

ಅಮ್ಮನ ವಿಷಯ ಅಂದಮೇಲೆ ನಿಮ್ಮ ಮಾತೇ ಸರಿ ಸರ್.

ಊರ ಬ್ರೋಕರ್

ನಾನು ಈ ವೃತ್ತಿಯವನೇ. ಎಲ್ಲರಿಗೂ ಹೇಳಿದರೆ ಯಾರ ಮನೆಯೂ ಅಲ್ಲ ಅಂತ ಆಗುತ್ತದೆ. ಐದು ಜನಕ್ಕೆ ಕೊಟ್ಟ ಮನೆಗೆ ನಾವು ಯಾರೂ ಓಡಾಡುವುದಿಲ್ಲ, ಕಷ್ಟಪಟ್ಟು ಗಿರಾಕಿ ತಂದರೆ ಇನ್ನೊಬ್ಬ ಮಧ್ಯೆ ಬರುತ್ತಾನೆ. ನಿಮ್ಮ ಬಡಾವಣೆಯಲ್ಲೇ ಇರುವ ಒಬ್ಬರಿಗೆ ಮೂರು ತಿಂಗಳು ಮಾತ್ರ ಅಂತ ಒಪ್ಪಿಸಿ. ಬೆಲೆ, ಕಮಿಷನ್ ಎಷ್ಟು, ಯಾವಾಗ ಕೊಡಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕೀ ಪಕ್ಕದ ಮನೆಯಲ್ಲಿರಲಿ. ಬೆಂಗಳೂರಿಂದ ಯಾರಾದರೂ ಬರಬೇಕು ಅಂದರೆ ಬಿಸಿ ಇರುವ ಗಿರಾಕಿ ತಣ್ಣಗಾಗುತ್ತಾನೆ.

ಕಾಲವೂ ನೋಡಬೇಕು. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಟೋಕನ್ ಕೊಡುವವರು ಕಮ್ಮಿ. ಆ ಹೊತ್ತಿನಲ್ಲಿ ಗಾಬರಿಯಾಗಿ ಬೆಲೆ ಇಳಿಸಬೇಡಿ, ರಿಪೇರಿ ಮುಗಿಸಿಕೊಳ್ಳಿ. ಶ್ರಾವಣ ಬಂದಾಗ ಹೊಸ ಫೋಟೋ, ಹೊಸ ಬೋರ್ಡು ಹಾಕಿ. ಗೇಟಿಗೆ ಕಟ್ಟಿದ ಹಳೇ ಬೋರ್ಡು ಬಿಸಿಲಿಗೆ ಬೆಳ್ಳಗಾಗಿದ್ದರೆ ಇವತ್ತೇ ಬಿಚ್ಚಿಸಿ. ಅದನ್ನು ನೋಡಿದವರು ಈ ಮನೆಗೆ ಏನೋ ತೊಂದರೆ ಇದೆ ಅಂತಲೇ ತಿಳಿಯುತ್ತಾರೆ.

ದಕ್ಷಿಣದ ಬಾಗಿಲಿನ ವಿಷಯ. ವಾದ ಮಾಡಿ ಯಾರನ್ನೂ ಒಪ್ಪಿಸಲು ಆಗುವುದಿಲ್ಲ. ನಂಬಿಕೆ ಅವರದು. ಆದರೆ ದಿಕ್ಕು ನೋಡದವರು ಇದ್ದಾರೆ. ಕ್ಲಿನಿಕ್, ಟ್ಯೂಷನ್, ಆಡಿಟರ್ ಆಫೀಸಿಗೆ ಜಾಗ ಹುಡುಕುವವರು, ಒಡೆದು ಹೊಸದಾಗಿ ಕಟ್ಟುವವರು, ಅದೇ ಬೀದಿಯಲ್ಲಿ ಬಾಡಿಗೆಗಿದ್ದು ಅದೇ ಬೀದಿಯಲ್ಲೇ ಉಳಿಯಬೇಕು ಅನ್ನುವವರು. ಕೊನೆಯವರನ್ನು ಮರೆಯಬೇಡಿ. ಅಕ್ಕಪಕ್ಕದ ಹತ್ತು ಮನೆಗೆ ನೀವೇ ಹೋಗಿ ಹೇಳಿ. ಪಕ್ಕದ ಸೈಟಿನವರಿಗೆ ನಿಮ್ಮ ಜಾಗ ಸೇರಿದರೆ ಅವರದ್ದು ದೊಡ್ಡದಾಗುತ್ತದೆ, ಬೇರೆ ಯಾರಿಗಿಂತ ಅವರೇ ಒಳ್ಳೇ ಬೆಲೆ ಕೊಡಬಹುದು.

ದಾವಣಗೆರೆ ಅಕ್ಕ

ಮಾರಾಟ ಆಗುವವರೆಗೆ ಭೋಗ್ಯಕ್ಕೆ ಕೊಡಬಹುದಲ್ಲ? ಒಟ್ಟಿಗೆ ಹಣ ಬರುತ್ತದೆ, ಮನೆಯೂ ಚೊಕ್ಕಟವಾಗಿರುತ್ತದೆ.

ವಕೀಲೆ ಮೈಸೂರು

ಬೇಡ ಅಕ್ಕ. ಭೋಗ್ಯದವರು ಅವಧಿ ಮುಗಿಯುವ ಮೊದಲು ಎದ್ದು ಹೋಗಬೇಕಾಗಿಲ್ಲ. ಅವರ ಹಣ ವಾಪಸ್ ಕೊಡುವುದು ಯಾರು ಅನ್ನುವ ತಕರಾರು ಬೇರೆ. ಸ್ವಂತಕ್ಕೆ ಬೇಕು ಅನ್ನುವ ಗಿರಾಕಿ ಹತ್ತಿರವೂ ಬರುವುದಿಲ್ಲ. ಮನೆ ತೆರೆದಿರಬೇಕು ಅಂದರೆ ಗೊತ್ತಿರುವವರಿಗೆ 11 ತಿಂಗಳ ಬಾಡಿಗೆ ಕರಾರು ಮಾಡಿ, ಮನೆ ತೋರಿಸಲು ಒಪ್ಪಬೇಕು ಅಂತ ಅದರಲ್ಲೇ ಬರೆಸಿ.

ತೆರಿಗೆ ಸಲಹೆ

ತಂಗಿ ಮೆಲ್ಬರ್ನ್‌ನಲ್ಲಿದ್ದಾರೆ ಅಂದಿರಿ. ಅವರು ಅನಿವಾಸಿ ಆಗಿದ್ದರೆ ಕೊಳ್ಳುವವರು ಹಿಂಜರಿಯಲು ಅದೂ ಒಂದು ಕಾರಣ.

ಭಾರತದಲ್ಲೇ ಇರುವ ನಿಮ್ಮ ಮೂವರ ಪಾಲಿಗೆ, ಒಟ್ಟು ಬೆಲೆ 50 ಲಕ್ಷ ಅಥವಾ ಜಾಸ್ತಿ ಇದ್ದರೆ, ಕೊಳ್ಳುವವರು ಶೇ. 1 ಟಿಡಿಎಸ್ (ಹಣ ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿದರೆ ಮುಗಿಯಿತು. ತಂಗಿಯ ಪಾಲಿಗೆ ನಿಯಮ ಬೇರೆ. ಅಲ್ಲಿ ಹಿಡಿಯಬೇಕಾದ ತೆರಿಗೆ ದೊಡ್ಡದು, ದೀರ್ಘಾವಧಿ ಲಾಭದ ಶೇ. 12.5 ದರ ಮತ್ತು ಅದರ ಮೇಲೆ ಸೆಸ್ ಇತ್ಯಾದಿ. ಲಾಭ ಎಷ್ಟು ಅಂತ ಕೊಳ್ಳುವವರಿಗೆ ಗೊತ್ತಿರುವುದಿಲ್ಲ, ಹಾಗಾಗಿ ಇಡೀ ಪಾಲಿನ ಮೇಲೇ ಹಿಡಿಯುತ್ತಾರೆ. ಕಡಿಮೆ ಹಿಡಿದರೆ ಇಲಾಖೆ ಕೇಳುವುದು ಕೊಳ್ಳುವವರನ್ನು. ಈ ರಗಳೆಯೇ ಬೇಡ ಅಂತ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ತಂಗಿ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿ ಕಡಿಮೆ ಕಡಿತದ ಪ್ರಮಾಣಪತ್ರ ತೆಗೆಸಿಕೊಳ್ಳಬಹುದು. ಅದರಲ್ಲಿ ಇಷ್ಟೇ ಹಿಡಿಯಿರಿ ಅಂತ ಬರೆದಿರುತ್ತದೆ. ಕೊಳ್ಳುವವರ ಹೆಸರು ಬೇಕಾಗುವುದರಿಂದ ಕರಾರು ಆದ ಮೇಲೆ ಹಾಕುವುದು ರೂಢಿ. ಆದರೆ ಪಾನ್, ಹಳೇ ದಾಖಲೆ, ಲೆಕ್ಕ ಎಲ್ಲಾ ಈಗಲೇ ಸಿದ್ಧ ಇರಲಿ.

ಮನೆ 2001ಕ್ಕಿಂತ ಹಳೆಯದು. ಆದ್ದರಿಂದ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನೇ ಅಸಲು ಅಂತ ಹಿಡಿಯಬಹುದು, ಆ ದಿನದ ಸರ್ಕಾರಿ ದರ ಮೀರದಂತೆ. ಇದರಿಂದ ಲಾಭ ಕಡಿಮೆಯಾಗುತ್ತದೆ. ನೀವು ಮೂವರಿಗೆ ಇಂಡೆಕ್ಸೇಷನ್ (ಬೆಲೆ ಏರಿಕೆಗೆ ತಕ್ಕಂತೆ ಅಸಲನ್ನು ಹೆಚ್ಚಿಸಿಕೊಳ್ಳುವುದು) ಇಲ್ಲದೆ ಶೇ. 12.5 ಅಥವಾ ಇಂಡೆಕ್ಸೇಷನ್ ಜೊತೆ ಶೇ. 20, ಯಾವುದು ಕಡಿಮೆಯೋ ಅದು. ತಂಗಿಗೆ ಈ ಆಯ್ಕೆ ಇಲ್ಲ.

ಇನ್ನೊಂದು ಮಾತು. ಅರ್ಧ ಕ್ಯಾಶ್ ಕೊಡುತ್ತೇವೆ ಅಂತ ಬರುವವರಿಗೆ ಇಲ್ಲ ಅನ್ನಿ. ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವ ಹಾಗಿಲ್ಲ. ತೆಗೆದುಕೊಂಡಷ್ಟೇ ದಂಡ ಬೀಳಬಹುದು, ಅದೂ ನಿಮ್ಮ ಮೇಲೆ. ಸಾಲ ಮಾಡಿ ಕೊಳ್ಳುವವರಿಗೂ ಪೂರ್ತಿ ಬೆಲೆ ಕಾಗದದಲ್ಲಿ ಇದ್ದರೇ ಅನುಕೂಲ.

ಕುವೆಂಪುನಗರದ ಮಗಳು

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಿಲ್ಲ. ಇವತ್ತು ಅಣ್ಣ, ತಂಗಿ ಇಬ್ಬರಿಗೂ ಇದನ್ನು ಓದಿಸಿದೆ. ಕಿಚನ್ ಮಾತು ಅಣ್ಣ ಕೈಬಿಟ್ಟ, ತಾರಸಿ ಕೆಲಸ ತಾನೇ ನಿಂತು ಮಾಡಿಸುತ್ತಾನಂತೆ. ಹಳೇ ಇಸಿಗೆ, ವಂಶವೃಕ್ಷಕ್ಕೆ ಈ ವಾರ ಅರ್ಜಿ ಕೊಡುತ್ತೇವೆ. ಸೊಸೈಟಿ ಈಗಲೂ ನಡೆಯುತ್ತಿದೆ ಅಂತ ಅಮ್ಮನಿಗೆ ನೆನಪಿದೆ. ಬೋರ್ಡು ಬಿಚ್ಚಲು ಪಕ್ಕದ ಮನೆ ಅಂಕಲ್‌ಗೆ ಫೋನ್ ಮಾಡಿದೆ. ಅವರ ಮಗ ಬಾಡಿಗೆ ಮನೆಯಲ್ಲಿದ್ದಾನಂತೆ, ದಾಖಲೆ ಸಿದ್ಧ ಆದ ಮೇಲೆ ಒಂದು ಮಾತು ಹೇಳಿ ಅಂದರು.

ಎರಡು ಪ್ರಶ್ನೆ ಉಳಿದಿವೆ. ತಂಗಿ ರಿಜಿಸ್ಟ್ರೇಷನ್‌ಗೆ ಬರಲು ಆಗುವುದಿಲ್ಲ. ಅಮ್ಮನಿಗೆ ಮಂಡಿ ನೋವು, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೊತ್ತು ಕಾಯಲು ಆಗುವುದಿಲ್ಲ. ಏನು ಮಾಡಬೇಕು?

ವಕೀಲೆ ಮೈಸೂರು

ತಂಗಿ ನಿಮ್ಮ ಅಥವಾ ಅಣ್ಣನ ಹೆಸರಿಗೆ ಈ ಮನೆಗೆ ಮಾತ್ರ ಸೀಮಿತವಾದ ಜಿಪಿಎ (ಅಧಿಕಾರ ಪತ್ರ) ಕೊಡಲಿ. ಮೆಲ್ಬರ್ನ್‌ನ ಭಾರತೀಯ ಕಾನ್ಸುಲೇಟ್‌ನಲ್ಲಿ ಸಹಿ ದೃಢೀಕರಿಸಿ ಮೂಲ ಪ್ರತಿ ಕಳಿಸಬೇಕು. ಅದು ಭಾರತಕ್ಕೆ ಬಂದ ದಿನದಿಂದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. ಕವರ್ ಎಸೆಯಬೇಡಿ, ಬಂದ ತಾರೀಕಿಗೆ ಅದೇ ಸಾಕ್ಷಿ. ಕರಡು ಬರೆಸುವಾಗ ಮಾರುವ ಅಧಿಕಾರ, ಸಹಿ ಮಾಡುವ ಅಧಿಕಾರ ಎರಡೂ ಸ್ಪಷ್ಟವಾಗಿರಲಿ. ಹಣ ಮಾತ್ರ ಅವರ ಪಾಲು ಅವರ ಖಾತೆಗೇ ಹೋಗಲಿ, ಮುಂದೆ ಅಣ್ಣ ತಂಗಿಯರ ಮಧ್ಯೆ ಮಾತು ಬರುವುದಿಲ್ಲ.

ಅಮ್ಮನಿಗೆ ಎರಡು ದಾರಿ ಇವೆ. ಕಾವೇರಿಯಲ್ಲಿ ದಿನ, ಸಮಯ ಮೊದಲೇ ಬುಕ್ ಆಗುತ್ತದೆ, ಈಗ ಜಿಲ್ಲೆಯ ಯಾವ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಾದರೂ ನೋಂದಣಿ ಮಾಡಿಸಬಹುದು. ಜನ ಕಡಿಮೆ ಇರುವ, ನೆಲ ಅಂತಸ್ತಿನಲ್ಲಿರುವ ಆಫೀಸು ಆರಿಸಿಕೊಳ್ಳಿ. ಅದೂ ಆಗದಷ್ಟು ತೊಂದರೆ ಇದ್ದರೆ ವೈದ್ಯರ ಪತ್ರದ ಜೊತೆ ಅರ್ಜಿ ಕೊಡಿ. ಅಂಥ ಕಾರಣಕ್ಕೆ ಅಧಿಕಾರಿ ಅವರಿರುವ ಕಡೆಗೇ ಬಂದು ಸಹಿ ತೆಗೆದುಕೊಳ್ಳಲು ನೋಂದಣಿ ಕಾಯ್ದೆಯಲ್ಲೇ ಅವಕಾಶ ಇದೆ, ಅದಕ್ಕೆ ಬೇರೆ ಶುಲ್ಕ ಇರುತ್ತದೆ. ಹಾಗೆ ಮಾಡುವುದಾದರೆ ಆ ದಿನ ಅಮ್ಮನನ್ನು ಮೈಸೂರಿಗೇ ಕರೆದುಕೊಂಡು ಬನ್ನಿ. ಬೆಂಗಳೂರಿನಲ್ಲಿದ್ದರೆ ಮೈಸೂರಿನ ಅಧಿಕಾರಿ ಅಲ್ಲಿಗೆ ಬರುವುದಿಲ್ಲ.

ಹಳೇ ಇಸಿ ಕೈಗೆ ಬಂದಾಗ ಇಲ್ಲಿ ಬರೆಯಿರಿ. ಸೊಸೈಟಿಯ ಅಡಮಾನ ಅದರಲ್ಲಿ ಕಂಡರೆ ಬಿಡುಗಡೆ ಪತ್ರದಲ್ಲಿ ಏನೇನು ಇರಬೇಕು ಅಂತ ಹೇಳುತ್ತೇನೆ.